ಡಾಲಿ ಪಾರ್ಟನ್ ‘ಜೋಲೀನ್’ ರಿವ್ಯೂ: ಎಷ್ಟು ಕವರ್ ಬಂದ್ರೂ ಒರಿಜಿನಲ್ ಮುಂದೆ ನಿಲ್ಲಲ್ಲ

ಮೊದ್ಲೇ ಹೇಳ್ಬಿಡ್ತೀನಿ, ಐದಕ್ಕೆ ಐದು ಸ್ಟಾರ್, ಅದ್ರಲ್ಲಿ ಅರ್ಧ ಕೂಡ ಕಮ್ಮಿ ಮಾಡಲ್ಲ. ಅಮೆರಿಕದ ಕಂಟ್ರಿ ಮ್ಯೂಸಿಕ್ ಅಂದ್ರೆ ಅಗಲ ಟೋಪಿ, ಬೂಟು, ಟ್ರಕ್ಕು, ಬಿಯರ್ ಇಷ್ಟೇ ಅನ್ಕೊಂಡು ಆ ಕಡೆ ತಲೆನೇ ಹಾಕ್ದೆ ಇರೋರು ತುಂಬಾ ಜನ ಇದಾರೆ, ಅಂಥವ್ರಿಗೆ ಒಂದೇ ಒಂದು ಹಾಡು ಕೇಳ್ಸೋ ಅವಕಾಶ ಸಿಕ್ಕಿದ್ರೆ ನಾನು ಹಾಕೋದು ಕಂಟ್ರಿ ಹಾಡುಗಾರ್ತಿ ಡಾಲಿ ಪಾರ್ಟನ್ ತಾವೇ ಬರೆದು ಹಾಡಿದ, 1973ರಲ್ಲಿ ರಿಲೀಸ್ ಆದ ಈ ‘ಜೋಲೀನ್’. 2 ನಿಮಿಷ 41 ಸೆಕೆಂಡ್, ಅಷ್ಟೇ. ಅಷ್ಟರಲ್ಲಿ ಒಂದು ಸಂಸಾರದ ಕಷ್ಟ ಪೂರ್ತಿ ಕಣ್ಮುಂದೆ ಬಂದು ಹೋಗತ್ತೆ, ಹೋಗೋವಾಗ ಒಂದು ಪ್ರಶ್ನೆ ಬಿಟ್ಟು ಹೋಗತ್ತೆ, ಆ ಪ್ರಶ್ನೆಗೆ ಐವತ್ತು ವರ್ಷದಿಂದ ಬೇರೆ ಬೇರೆ ಹಾಡುಗಾರರು ಉತ್ತರ ಕೊಡ್ತಾನೇ ಇದಾರೆ. ಅದಕ್ಕೇ ಒರಿಜಿನಲ್ ಬಗ್ಗೆ ಮೊದ್ಲು ಹೇಳಿ ಆಮೇಲೆ ಯಾವ ಕವರ್ (ಅಂದ್ರೆ ಬೇರೆಯೋರು ಮತ್ತೆ ಹಾಡಿದ ವರ್ಷನ್) ಕೇಳ್ಬೋದು ಯಾವ್ದು ಬಿಟ್ರೂ ನಡಿಯತ್ತೆ ಅಂತನೂ ಹೇಳ್ತೀನಿ, ಯಾಕಂದ್ರೆ ಸ್ಟ್ರೀಮಿಂಗ್ ಆಪಲ್ಲಿ ಈ ಹೆಸ್ರು ಹುಡುಕಿದ್ರೆ ಉದ್ದಕ್ಕೆ ಪಟ್ಟಿ ಬರತ್ತೆ, ಹೊಸಬರು ಕೈಗೆ ಸಿಕ್ಕಿದ್ದನ್ನ ಒತ್ತಿ ಇಷ್ಟೇನಾ ಅಂತ ಎದ್ದು ಹೋಗ್ಬಾರ್ದು.

ಕತೆ ತುಂಬಾ ಸರಳ. ಒಬ್ಳು ಹೆಂಗಸು ಇನ್ನೊಬ್ಳ ಎದುರು ನಿಂತು, ನೀನು ಮನಸ್ಸು ಮಾಡಿದ್ರೆ ನನ್ನವನನ್ನ ಕರ್ಕೊಂಡು ಹೋಗೋಕೆ ಒಂದು ಕ್ಷಣ ಸಾಕು, ಹಾಗೆ ಮಾಡ್ಬೇಡ ಅಂತ ಸೆರಗೊಡ್ಡಿ ಬೇಡ್ಕೊಳ್ತಾಳೆ. ಜಗಳ ಇಲ್ಲ, ಬೈಗುಳ ಇಲ್ಲ, ಶಾಪ ಇಲ್ಲ. ಅದು ಬಿಟ್ಟು ಏನ್ ಮಾಡ್ತಾಳೆ ಅಂದ್ರೆ ಆ ಜೋಲೀನ್‌ನ ಹೊಗಳ್ತಾಳೆ! ಅವಳ ಕೆಂಚು ಕೂದಲು, ದಂತದಂಥ ಮೈಬಣ್ಣ, ಪಚ್ಚೆ ಕಣ್ಣು, ಮಳೆ ಥರ ಮೃದುವಾದ ದನಿ, ಒಂದೊಂದನ್ನೂ ಹೆಸ್ರು ಹಿಡಿದು ಹೇಳ್ತಾಳೆ. ನಿನ್ನ ಮುಂದೆ ನಾನೆಲ್ಲಿ ಅಂತ ತಾನೇ ಒಪ್ಕೊಳ್ತಾಳೆ. ಅವ್ನು ನಿದ್ದೆಯಲ್ಲಿ ಕನವರಿಸೋದು ಕೂಡ ಆ ಹೆಸ್ರನ್ನೇ, ಅದನ್ನ ಕೇಳಿಸ್ಕೊಂಡು ಇವಳಿಗೆ ಅಳು ತಡಿಯೋಕಾಗಲ್ಲ, ಆದ್ರೂ ಅವ್ನ ಮೇಲೂ ಸಿಟ್ಟಿಲ್ಲ, ಜೋಲೀನ್ ಮೇಲೂ ಸಿಟ್ಟಿಲ್ಲ. ಕೊನೆಗೆ ನನ್ನ ಸುಖ ನಿನ್ನ ಕೈಯಲ್ಲಿದೆ, ನೀನು ಏನು ತೀರ್ಮಾನ ಮಾಡ್ತೀಯೋ ಅದು ಅಂತ ಪೂರ್ತಿ ಅವಳಿಗೇ ಒಪ್ಪಿಸ್ಬಿಡ್ತಾಳೆ. ಜೋಲೀನ್ ಏನಂದ್ಲು? ಗೊತ್ತಿಲ್ಲ. ಹಾಡಲ್ಲಿ ಅವಳಿಗೆ ಒಂದು ಮಾತೂ ಇಲ್ಲ. ಹೆಸ್ರು ಕರೀತಾ ಕರೀತಾನೇ ಹಾಡು ಫೇಡ್ ಆಗಿ ಮುಗಿದೋಗತ್ತೆ.

ಇದು ಎಷ್ಟು ಧೈರ್ಯದ ಕೆಲ್ಸ ಅಂತ ಅರ್ಥ ಆಗ್ಬೇಕಾದ್ರೆ ಆಗಿನ ಕಾಲದ ಕಂಟ್ರಿ ಹಾಡುಗಳು ಹೇಗಿದ್ವು ಅಂತ ಸ್ವಲ್ಪ ನೋಡ್ಬೇಕು. ಗಂಡನ ಹಿಂದೆ ಬಿದ್ದ ಇನ್ನೊಬ್ಬ ಹೆಂಗಸಿನ ಬಗ್ಗೆ ಹಾಡೋದು ಕಂಟ್ರಿಯಲ್ಲಿ ಆಗ್ಲೇ ಮಾಮೂಲಿ ಆಗಿತ್ತು, ಅದ್ರಲ್ಲಿ ರಾಣಿ ಅಂದ್ರೆ ಲೊರೆಟ್ಟಾ ಲಿನ್. ಕೆಂಟಕಿಯ ಕಲ್ಲಿದ್ದಲು ಕಾರ್ಮಿಕನ ಮಗಳು, ಬಾಯಿ ಬಿಟ್ರೆ ಕೆಂಡ. 1966ರಲ್ಲಿ ಅವ್ರು ಹಾಡಿದ ಹಾಡಿನ ಸಾರ ಅಂದ್ರೆ ನನ್ನವನನ್ನ ಕಿತ್ಕೊಳ್ಳೋ ಅಷ್ಟು ಹೆಣ್ಣು ನೀನಲ್ಲ ಅಂತ, 1968ರ ‘ಫಿಸ್ಟ್ ಸಿಟಿ’ಯಲ್ಲಂತೂ ದೂರ ಇರದೇ ಇದ್ರೆ ಕೂದಲು ಹಿಡಿದು ಎಳೆದು ಬಿಡ್ತೀನಿ ಅಂತ ನೇರವಾಗಿ ಎಚ್ಚರಿಕೆ, ಅದು ಕಂಟ್ರಿ ಚಾರ್ಟಲ್ಲಿ ನಂಬರ್ 1 ಬೇರೆ ಆಯ್ತು. ನಂಗೆ ಆ ಹಾಡುಗಳೂ ಬಹಳ ಇಷ್ಟ. ಕೇಳೋಕೆ ಮಜಾ ಇದೆ, ಹೆಂಗಸ್ರು ಬಾಯಿ ಮುಚ್ಕೊಂಡು ಸಹಿಸ್ಕೋಬೇಕು ಅಂತಿದ್ದ ಕಾಲದಲ್ಲಿ ಅವು ಬಂದಿದ್ದೇ ದೊಡ್ಡದು. ಆದ್ರೆ ಅಲ್ಲಿ ಯಾರು ಗೆಲ್ತಾರೆ ಅಂತ ಮೊದಲ ಸಾಲಲ್ಲೇ ಗೊತ್ತಾಗ್ಬಿಡತ್ತೆ. ಡಾಲಿ ಅದೇ ಸನ್ನಿವೇಶ ತಗೊಂಡು ಗೆಲ್ಲೋ ಆಸೆನೇ ಬಿಟ್ಟುಬಿಟ್ರು. ತಾನು ಸೋತಿದೀನಿ ಅಂತ ಒಪ್ಕೊಂಡು ಮಾತಾಡೋ ಹೆಂಗಸಿನ ಬಾಯಲ್ಲಿ ಹಾಡು ಹೇಳಿಸಿದ್ರು. ನನ್ನ ಪ್ರಕಾರ ಈ ಹಾಡು ಇಷ್ಟು ದಿನ ಬದುಕಿರೋದಕ್ಕೆ ಇದೇ ಕಾರಣ, ಟ್ಯೂನ್ ಎಲ್ಲಾ ಆಮೇಲೆ.

ಹಾಗಂತ ಟ್ಯೂನ್ ಏನು ಸಾಮಾನ್ಯ ಅಲ್ಲ. ಶುರುವಿನ ಗಿಟಾರ್ ರಿಫ್, ಅಂದ್ರೆ ಮತ್ತೆ ಮತ್ತೆ ಬರೋ ಆ ಪುಟ್ಟ ಟ್ಯೂನ್, ಕೇಳಿದ್ರಾ? ಕಂಟ್ರಿ ಮ್ಯೂಸಿಕ್‌ಗೆ ಹೆಸರಾದ ನ್ಯಾಶ್‌ವಿಲ್ ಊರಿನ ಸೆಷನ್ ಗಿಟಾರಿಸ್ಟ್ (ಬೇರೆಯೋರ ರೆಕಾರ್ಡಿಂಗಿಗೆ ನುಡಿಸೋರು) ಚಿಪ್ ಯಂಗ್ ನುಡಿಸಿದ್ದು, ಹೆಬ್ಬೆರಳು ಕೆಳಗಿನ ಸ್ವರಗಳನ್ನ ಬಿಡದೇ ಮೀಟ್ತಾ ಇದ್ರೆ ಉಳಿದ ಬೆರಳುಗಳು ಮೇಲೆ ಇನ್ನೊಂದು ಸಣ್ಣ ಟ್ಯೂನ್ ಹೆಣಿತಾ ಹೋಗತ್ತೆ, ಒಂದೇ ಗಿಟಾರಾ ಎರಡಾ ಅಂತ ಅನುಮಾನ ಬರೋ ಹಾಗೆ. ಆ ಓಟ ಹಾಡು ಮುಗಿಯೋ ತನಕ ಎಲ್ಲೂ ನಿಲ್ಲಲ್ಲ. ಹೇಳ್ತಿರೋದು ಅಳೋ ಮಾತು, ಆದ್ರೆ ಹಿಂದೆ ಗಿಟಾರ್ ಓಡ್ತಾ ಇದೆ, ಎದೆ ಹೊಡ್ಕೊಳ್ಳೋ ಥರ. ಅದ್ರಿಂದ್ಲೇ ಹಾಡು ಗೋಳಾಟ ಆಗಿಲ್ಲ. ನಿಧಾನವಾಗಿ ಪಿಟೀಲು ಎಳ್ಕೊಂಡು ಹಾಡಿದ್ರೆ ಇದೇ ಸಾಹಿತ್ಯ ಎಷ್ಟು ಭಾರ ಆಗ್ತಿತ್ತು ಯೋಚ್ನೆ ಮಾಡಿ, ಅರ್ಧಕ್ಕೇ ಸಾಕಪ್ಪ ಅನ್ನಿಸ್ತಿತ್ತು.

ಕಾರ್ಡ್‌ಗಳು (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ನೋಡಿದ್ರೆ ಮೂರೇ ಮೂರು, ಸಿ ಶಾರ್ಪ್ ಮೈನರ್, ಇ, ಬಿ. ಗಿಟಾರ್ ಕಲಿಯೋರು ನಾಲ್ಕನೇ ಫ್ರೆಟ್‌ಗೆ ಕೇಪೋ (ತಂತಿಗಳನ್ನ ಒತ್ತಿ ಹಿಡಿಯೋ ಕ್ಲಿಪ್) ಹಾಕಿ ಎ ಮೈನರ್, ಸಿ, ಜಿ ಅಂತ ನುಡಿಸ್ತಾರೆ, ಹೊಸಬರಿಗೂ ಬರತ್ತೆ. ಆದ್ರೆ ಆ ಮೈನರ್ ಕಾರ್ಡಿನ ದುಃಖದ ಬಣ್ಣ ಇದ್ಯಲ್ಲ, ಅದು ನ್ಯಾಶ್‌ವಿಲ್ ಪಾಪ್‌ಗಿಂತ ಹಳೇದು, ಪೂರ್ವ ಅಮೆರಿಕದ ಅಪಲಾಚಿಯನ್ ಬೆಟ್ಟಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಾಯಿಂದ ಬಾಯಿಗೆ ಬಂದ ಲಾವಣಿಗಳ ವಾಸನೆ ಅದ್ರಲ್ಲಿದೆ. ಡಾಲಿ ಹುಟ್ಟಿದ್ದೇ ಅಲ್ಲಿ, 1946ರಲ್ಲಿ, ಟೆನೆಸಿಯ ಸೆವಿಯರ್ ಕೌಂಟಿಯ ಬೆಟ್ಟ ಸೀಮೆಯ ಬಡ ಮನೆಯಲ್ಲಿ, ಹನ್ನೆರಡು ಮಕ್ಕಳಲ್ಲಿ ನಾಲ್ಕನೆಯವ್ರು. ಆ ಕಡೆಯ ಹಳೇ ಲಾವಣಿಗಳಲ್ಲೂ ಹೀಗೇ, ಏನು ಅನಾಹುತ ಆಗ್ತಿದ್ರೂ ದನಿ ಜಾಸ್ತಿ ಏರಲ್ಲ, ಕತೆ ಹೇಳ್ಕೊಂಡು ಹೋಗ್ತಾರೆ. ಈ ಹಾಡು ಹೊಸದಾಗಿ ಬಂದಾಗ್ಲೇ ಹಳೇ ಹಾಡಿನ ಹಾಗೆ ಕೇಳ್ಸಿದ್ದು ಅದಕ್ಕೇ ಅನ್ಸತ್ತೆ.

ಪಲ್ಲವಿ ಗಮನಿಸಿ. ಇಂಟ್ರೋ ಮುಗಿದ ತಕ್ಷಣ ಯಾವ ಪೀಠಿಕೆನೂ ಇಲ್ಲದೇ ನೇರವಾಗಿ ಹೆಸ್ರು, ನಾಲ್ಕು ಸಲ. ನಾಲ್ಕೂ ಒಂದೇ ಥರ ಇಲ್ಲ, ಒಂದೊಂದು ಸಲ ಕರೆದಾಗ್ಲೂ ಸ್ವರ ಬೇರೆ ಕಡೆ ಹೋಗತ್ತೆ, ಮೇಲೆ ಏರಿ ಕೊನೇದ್ರಲ್ಲಿ ಕೆಳಗೆ ಬರತ್ತೆ. ಬಾಗಿಲು ಹಾಕಿರೋ ಮನೆ ಮುಂದೆ ನಿಂತು ಕರೆಯೋರು ಮೊದ್ಲು ಮೆಲ್ಲಗೆ, ಆಮೇಲೆ ಸ್ವಲ್ಪ ಜೋರಾಗಿ, ಆಮೇಲೆ ಇನ್ನೂ ಜೋರಾಗಿ ಕರೆದು ಸುಸ್ತಾಗ್ತಾರಲ್ಲ, ಹಾಗೆ. ಇಂಗ್ಲಿಷ್ ಒಂದಕ್ಷರ ಬರದೇ ಇರೋರ ಬಾಯಿಗೂ ಈ ಹಾಡು ಹತ್ತೋಕೆ ಇದೇ ಕಾರಣ, ಪಲ್ಲವಿಯಲ್ಲಿ ಹೆಚ್ಚು ಇರೋದೇ ಒಂದು ಹೆಸ್ರು.

ಡಾಲಿ ದನಿ ಬಗ್ಗೆ ಒಂದ್ಮಾತು. ಆ ದನಿ ತೆಳು, ಮೇಲಿನ ಸ್ವರದಲ್ಲಿ ಸಣ್ಣಗೆ ನಡುಗತ್ತೆ, ಕೆಲವರಿಗೆ ಮೊದಲ ಸಲ ಮಗು ದನಿ ಥರ ಅನ್ನಿಸ್ಬೋದು. ಈ ಹಾಡಿಗೆ ಅದೇ ಬೇಕಿತ್ತು. ದೊಡ್ಡ ಗಂಟಲಿನ ಹಾಡುಗಾರ್ತಿ ಯಾರಾದ್ರೂ ಇದನ್ನ ಹಾಡಿದ್ರೆ ಇವಳು ಜೋಲೀನ್‌ಗೆ ಹೆದರ್ತಾಳೆ ಅಂತ ನಂಬೋದೇ ಕಷ್ಟ, ಮುಂದೆ ಬರೋ ಕವರ್‌ಗಳಲ್ಲಿ ಅರ್ಧಕ್ಕರ್ಧ ಸೋಲೋದು ಅಲ್ಲೇ. ಪ್ರೊಡ್ಯೂಸರ್ ಬಾಬ್ ಫರ್ಗ್ಯುಸನ್, ರೆಕಾರ್ಡಿಂಗ್ ನ್ಯಾಶ್‌ವಿಲ್‌ನ ಆರ್‌ಸಿಎ ಸ್ಟುಡಿಯೋ ಬಿ. ಆಗ ಅಲ್ಲಿ ಪಿಟೀಲು, ಕೋರಸ್ ಎಲ್ಲಾ ಸುರಿದು ಹಾಡು ತುಂಬ್ಸೋ ಪದ್ಧತಿ ಇತ್ತು, ಇಲ್ಲಿ ಮಾತ್ರ ಕೈ ಬಿಗಿ ಹಿಡಿದಿದಾರೆ, ದನಿ ಸುತ್ತ ಜಾಗ ಬಿಟ್ಟಿದಾರೆ, ಹಿಂದೆ ಸೇರ್ಕೊಳ್ಳೋ ದನಿಗಳೂ ಮುಂದೆ ನುಗ್ಗಲ್ಲ. ಒಳ್ಳೆ ಹೆಡ್‌ಫೋನ್ ಹಾಕ್ಕೊಂಡು ಕೇಳಿದ್ರೆ ಇದೆಲ್ಲಾ ಬಿಡಿ ಬಿಡಿಯಾಗಿ ಸಿಗತ್ತೆ, ಫೋನ್ ಸ್ಪೀಕರಲ್ಲಿ ಕೇಳ್ಬೇಡಿ ದಯವಿಟ್ಟು, ಹೆಬ್ಬೆರಳಿನ ಆ ಬೇಸ್ ಮೀಟು ಸತ್ತೇ ಹೋಗತ್ತೆ.

ಹಾಡು ಹುಟ್ಟಿದ ಕತೆ ಡಾಲಿ ಅವ್ರೇ ಎಷ್ಟೋ ಇಂಟರ್‌ವ್ಯೂನಲ್ಲಿ ಹೇಳಿದಾರೆ. ಗಂಡ ಕಾರ್ಲ್ ಡೀನ್, 1966ರಲ್ಲಿ ಮದುವೆ. ಮದುವೆಯಾದ ಹೊಸದ್ರಲ್ಲಿ ಬ್ಯಾಂಕಲ್ಲಿ ಕೆಲ್ಸ ಮಾಡೋ ಕೆಂಚು ಕೂದಲಿನ ಒಬ್ಬ ಹುಡುಗಿಗೆ ಕಾರ್ಲ್ ಮೇಲೆ ಕಣ್ಣು, ಕಾರ್ಲ್ ಕೂಡ ಬೇಕಿಲ್ದಿದ್ರೂ ಬ್ಯಾಂಕಿಗೆ ಹೋಗ್ತಿದ್ರಂತೆ, ಅದು ಗಂಡ ಹೆಂಡತಿ ಮಧ್ಯೆ ಒಂದು ತಮಾಷೆ ಆಗ್ಬಿಟ್ಟಿತ್ತು. ಹೆಸ್ರು ಬಂದಿದ್ದು ಮಾತ್ರ ಬೇರೆ ಕಡೆಯಿಂದ, ಒಂದು ಶೋ ಆದ್ಮೇಲೆ ಆಟೋಗ್ರಾಫ್ ಕೇಳೋಕೆ ಬಂದ ಪುಟ್ಟ ಹುಡುಗಿ, ಅವಳಿಗೂ ಕೆಂಚು ಕೂದಲು, ಹಸಿರು ಕಣ್ಣು, ಹೆಸ್ರೇನು ಅಂದ್ರೆ ಜೋಲೀನ್ ಅಂದ್ಲು. ಆ ಹೆಸ್ರು ಮೇಲೆ ಹಾಡು ಬರೀತೀನಿ ಅಂತ ಅಲ್ಲೇ ಹೇಳಿ, ಮರೆತುಹೋಗ್ದೇ ಇರ್ಲಿ ಅಂತ ಹೆಸ್ರನ್ನ ಬಾಯಲ್ಲೇ ಹೇಳ್ಕೊಂಡು ಬಂದ್ರಂತೆ. ಅಂದ್ರೆ ಜೋಲೀನ್ ರೂಪ ಒಂದು ಮಗುವಿಂದು, ಭಯ ಬ್ಯಾಂಕಿನ ಹುಡುಗಿಯಿಂದ ಬಂದಿದ್ದು. ಬಹುಶಃ ಅದಕ್ಕೇ ಆ ವರ್ಣನೆಯಲ್ಲಿ ದ್ವೇಷ ಇಲ್ಲ, ಮುದ್ದಾದ ಮಗುನ ನೋಡಿ ಬೆರಗಾದ ಕಣ್ಣು ಅದು. ಕಾರ್ಲ್ ಡೀನ್ 2025ರ ಮಾರ್ಚಲ್ಲಿ ತೀರ್ಕೊಂಡ್ರು, ಅಲ್ಲಿ ತನಕ ಇಬ್ರೂ ಜೊತೆಗೇ ಇದ್ರು, ಹೆಚ್ಚುಕಮ್ಮಿ 59 ವರ್ಷ.

ಅಂಕಿ ಅಂಶ ಬೇಕಾದೋರಿಗೆ: 1974ರ ಫೆಬ್ರವರಿಯಲ್ಲಿ ಬಿಲ್‌ಬೋರ್ಡ್ ಕಂಟ್ರಿ ಚಾರ್ಟಲ್ಲಿ ನಂಬರ್ 1, ಅಮೆರಿಕದ ಮೇನ್ ಪಾಪ್ ಚಾರ್ಟ್ ಹಾಟ್ 100ರಲ್ಲಿ ಮಾತ್ರ 60ಕ್ಕೇ ನಿಂತೋಯ್ತು, ಬ್ರಿಟನ್‌ನಲ್ಲಿ ತಡವಾಗಿ 1976ರಲ್ಲಿ 7ನೇ ಸ್ಥಾನ. 60! ಇವತ್ತು ಎಲ್ಲರ ಬಾಯಲ್ಲೂ ಇರೋ ಹಾಡು ಅಂದಿನ ಪಾಪ್ ಲೆಕ್ಕದಲ್ಲಿ ಹಿಟ್ಟೇ ಅಲ್ಲ. ಚಾರ್ಟ್ ನೋಡಿ ಹಾಡಿನ ಆಯುಷ್ಯ ಹೇಳೋಕೆ ಆಗಲ್ಲ.

ಈಗ ಕವರ್‌ಗಳಿಗೆ ಬರೋಣ, ನಂಗೆ ಇದೇ ಜಾಸ್ತಿ ಇಂಟರೆಸ್ಟಿಂಗ್ ಭಾಗ. ಈ ಹಾಡನ್ನ ಹಾಡೋಕೆ ಹೋದೋರೆಲ್ಲಾ ಒಂದು ಪ್ರಶ್ನೆ ಎದುರಿಸ್ಲೇಬೇಕು: ಬೇಡ್ಕೊಳ್ಳೋದಾ, ಬೇಡ್ವಾ?

ವೈಟ್ ಸ್ಟ್ರೈಪ್ಸ್ ಬ್ಯಾಂಡಿನ ಜ್ಯಾಕ್ ವೈಟ್ ಬೇಡ್ಕೊಂಡ್ರು, ಅದೂ ಹೇಗೆ! 2000ದಲ್ಲಿ ಒಂದು ಸಿಂಗಲ್‌ನ (ಬಿಡಿಯಾಗಿ ರಿಲೀಸ್ ಮಾಡೋ ಹಾಡಿನ ಪ್ಲೇಟ್) ಬಿ ಸೈಡಾಗಿ, ಅಂದ್ರೆ ಹಿಂದಿನ ಬದಿಯ ಹಾಡಾಗಿ ಬಂದಿತ್ತು, 2004ರಲ್ಲಿ ಬ್ಲ್ಯಾಕ್‌ಪೂಲ್ ಲೈವ್ ರೆಕಾರ್ಡಿಂಗ್ ಸಿಂಗಲ್ ಆಗಿ ಬಂತು, ಕೇಳೋದಾದ್ರೆ ಆ ಲೈವನ್ನೇ ಕೇಳಿ. ಗಂಡಸು ಹಾಡ್ತಿದಾನೆ ಅಂತ ಸಾಹಿತ್ಯದಲ್ಲಿ ಒಂದು ಪದನೂ ಬದಲಾಯಿಸಿಲ್ಲ, ನನ್ನವನನ್ನ ಕಿತ್ಕೋಬೇಡ ಅಂತಾನೇ ಇದೆ. ಡಾಲಿ ಒಳಗೆ ಹಿಡಿದಿಟ್ಕೊಂಡಿದ್ದ ಅಳುನ ಇವ್ರು ಹೊರಗೆ ಬಿಟ್ಟು ಕಿರುಚ್ತಾರೆ, ಗಿಟಾರ್ ಹರಿದುಹೋಗೋ ಹಾಗೆ ಬಾರಿಸ್ತಾರೆ, ಮೊದಲ ಸಲ ಕೇಳಿದಾಗ ನಂಗೆ ಮೈ ಜುಮ್ ಅಂದಿತ್ತು. ಒರಿಜಿನಲ್ ಬಿಟ್ರೆ ನನ್ನ ಎರಡನೇ ನಂಬರ್ ಇದೇ.

ಮೈಲಿ ಸೈರಸ್ 2012ರಲ್ಲಿ ಹಿತ್ತಲಲ್ಲಿ ಬ್ಯಾಂಡ್ ಕೂರಿಸ್ಕೊಂಡು ಹಾಡಿದ ವಿಡಿಯೋ ನೋಡಿರ್ತೀರ, ‘ಬ್ಯಾಕ್‌ಯಾರ್ಡ್ ಸೆಷನ್ಸ್’ ಅಂತ. ಡಾಲಿ ಆಕೆಗೆ ಗಾಡ್‌ಮದರ್, ಹಾಗಾಗಿ ಹಾಡು ಮನೆಯೊಳಗಿಂದ್ಲೇ ಬಂದಿರೋದು. ಆ ಒರಟು ದನಿ ನಂಗೆ ಇಷ್ಟ, ತಾಂತ್ರಿಕವಾಗಿ ತುಂಬಾ ಚೆನ್ನಾಗಿ ಹಾಡಿದಾರೆ, ಆದ್ರೂ ನಾನು ಮೇಲೆ ಹೇಳಿದ ತೊಂದ್ರೆ ಇಲ್ಲಿದೆ, ಇಷ್ಟು ಗಟ್ಟಿ ದನಿಯವಳು ಯಾರಿಗೂ ಹೆದ್ರಲ್ಲ ಅನ್ಸತ್ತೆ. ಪೆಂಟಾಟೋನಿಕ್ಸ್ ಗುಂಪು ವಾದ್ಯ ಇಲ್ಲದೇ ಬರೀ ಬಾಯಲ್ಲಿ ಮಾಡಿದ 2016ರ ವರ್ಷನಲ್ಲಿ ಡಾಲಿನೂ ಸೇರ್ಕೊಂಡಿದಾರೆ, 2017ರಲ್ಲಿ ಗ್ರ್ಯಾಮಿ ಕೂಡ ಬಂತು. ಅಚ್ಚುಕಟ್ಟಾಗಿದೆ, ಅಚ್ಚುಕಟ್ಟು ಜಾಸ್ತಿನೇ ಆಯ್ತು, ಹಾರ್ಮನಿ ಕೇಳ್ತಾ ಕೇಳ್ತಾ ಕತೆ ಮರೆತೋಗತ್ತೆ. ಬಿಟ್ರೂ ನಡಿಯತ್ತೆ.

ಒಂದು ವಿಚಿತ್ರವಾದ್ದು ಇದೆ, ಅದನ್ನ ಖಂಡಿತ ಕೇಳಿ. ಡಾಲಿಯ 45 ಆರ್‌ಪಿಎಮ್ (ನಿಮಿಷಕ್ಕೆ 45 ಸುತ್ತು) ಸಿಂಗಲ್ ಪ್ಲೇಟನ್ನ 33ರ ಸ್ಪೀಡಲ್ಲಿ ಓಡಿಸಿದ ಆಡಿಯೋ ಇಂಟರ್‌ನೆಟ್ಟಲ್ಲಿ ಭಾರಿ ಓಡಾಡಿತ್ತು. ಸ್ಪೀಡ್ ಸುಮಾರು ಕಾಲುಭಾಗ ಕಮ್ಮಿ ಆಗತ್ತೆ, ಹಾಡು 3 ನಿಮಿಷ 37 ಸೆಕೆಂಡಿನ ಹತ್ರ ಹೋಗತ್ತೆ, ದನಿ ಸುಮಾರು ಐದು ಅರ್ಧ ಸ್ವರದಷ್ಟು ಕೆಳಗಿಳಿದು ಗಂಡು ದನಿ ಆಗತ್ತೆ. ಸಾಮಾನ್ಯವಾಗಿ ಯಾವ ಹಾಡನ್ನ ಹೀಗೆ ನಿಧಾನ ಮಾಡಿದ್ರೂ ಉಸಿರು, ತಾಳ ಎಲ್ಲಾ ಕೆಟ್ಟು ಹೋಗತ್ತೆ, ಇದು ಕೆಡಲ್ಲ! ದುಃಖದಲ್ಲಿರೋ ಒಬ್ಬ ಗಂಡಸು ನಿಧಾನವಾಗಿ ಹಾಡಿದ ಬೇರೆಯದೇ ಹಾಡು ಇದು ಅಂದ್ರೆ ನಂಬ್ತೀರ. ಡಾಲಿ ಪ್ರತಿ ಸ್ವರವನ್ನೂ ಎಷ್ಟು ನಿಖರವಾಗಿ ಹಿಡಿದಿದ್ರು, ಚಿಪ್ ಯಂಗ್ ಬೆರಳು ಎಷ್ಟು ಸಮವಾಗಿ ಓಡಿತ್ತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ, ಭೂತಗನ್ನಡಿ ಹಿಡಿದು ನೋಡಿದ್ರೂ ಒಡಕಿಲ್ಲ.

ಇನ್ನು ಪಾಪ್ ತಾರೆ ಬಿಯೋನ್ಸೆ. 2024ರ ಮಾರ್ಚ್ 29ಕ್ಕೆ ‘ಕೌಬಾಯ್ ಕಾರ್ಟರ್’ ಆಲ್ಬಂ ಬಂದಾಗ ಅದ್ರಲ್ಲಿ ‘ಜೋಲೀನ್’ ಇದೆ ಅಂತ ಗೊತ್ತಾಗಿದ್ದೇ ತಡ ಎರಡು ಬಣ ಆಯ್ತು. ಬಿಯೋನ್ಸೆ ಸಾಹಿತ್ಯ ಬದಲಾಯಿಸಿಬಿಟ್ಟಿದಾರೆ, ಬೇಡ್ಕೊಳ್ಳೋದಿಲ್ಲ, ಎಚ್ಚರಿಕೆ ಕೊಡ್ತಾರೆ. ಹತ್ರ ಬಂದ್ರೆ ನೋಡ್ಕೋ, ಅವ್ನ ಜೊತೆ ಇಪ್ಪತ್ತು ವರ್ಷ ಕಳೆದಿದೀನಿ, ಮಕ್ಕಳು ಸಂಸಾರ ಎಲ್ಲಾ ಕಟ್ಟಿದೀನಿ, ನಂಗೆ ನನ್ನ ಗಂಡ ಗೊತ್ತು ಅನ್ನೋ ಧಾಟಿ. ಇದು ‘ಜೋಲೀನ್’ಗೆ ಮಾಡಿದ ದ್ರೋಹ ಅಂತ ಒಂದಷ್ಟು ಜನ, ಕೊನೆಗೂ ಯಾರೋ ಆ ಹೆಂಗಸಿಗೆ ಬೆನ್ನುಮೂಳೆ ಕೊಟ್ರು ಅಂತ ಇನ್ನೊಂದಷ್ಟು ಜನ. ಎರಡೂ ಕಡೆಯೋರು ಒಂದು ವಿಷಯ ಬಿಟ್ಟುಬಿಟ್ರು ಅಂತ ನನ್ನ ಅನಿಸಿಕೆ: ಬಿಯೋನ್ಸೆ ಮಾಡಿರೋದು ಹೊಸದೇನಲ್ಲ, ಅವ್ರು ಹೋಗಿರೋದು ಸೀದಾ ಲೊರೆಟ್ಟಾ ಲಿನ್ ದಾರಿಗೆ. ‘ಫಿಸ್ಟ್ ಸಿಟಿ’ ಪಕ್ಕ ಇಟ್ಟು ಕೇಳಿ, ಅದೇ ಹಟ, ಅದೇ ಬೆದರಿಕೆ, ಅದೇ ಎದೆ ಸೆಟೆದು ನಿಂತ ಹೆಣ್ಣು. ಬಿಯೋನ್ಸೆಗೆ ಕಂಟ್ರಿ ಗೊತ್ತಿಲ್ಲ, ಅವ್ರು ಹೊರಗಿನೋರು ಅಂದೋರಿಗೆ ಈ ಹಾಡೇ ಉತ್ತರ, ಡಾಲಿ ಮುರಿದ ಹಳೇ ಕಂಟ್ರಿ ಪದ್ಧತಿನ ಇವ್ರು ತಿರುಗಿ ತಂದಿದಾರೆ, ಅಷ್ಟು ಆಳಕ್ಕೆ ಅವ್ರಿಗೆ ಬೇರು ಗೊತ್ತು. ಕಂಟ್ರಿ ಆಲ್ಬಂ ಚಾರ್ಟಲ್ಲಿ ನಂಬರ್ 1 ಆದ ಮೊದಲ ಕಪ್ಪು ಮಹಿಳೆ ಆಗಿದ್ದೂ ಅದೇ ಆಲ್ಬಂನಿಂದ, 2025ರಲ್ಲಿ ಗ್ರ್ಯಾಮಿಯ ಆಲ್ಬಂ ಆಫ್ ದಿ ಇಯರ್ ಕೂಡ ಬಂತು. ಈ ‘ಜೋಲೀನ್’ ಹಾಟ್ 100ರಲ್ಲಿ 7ರ ತನಕ ಹೋಯ್ತು, ಒರಿಜಿನಲ್ 60ಕ್ಕೆ ನಿಂತಿದ್ದ ಅದೇ ಚಾರ್ಟಲ್ಲಿ. ಹಾಡಿಗಿಂತ ಮುಂಚೆ ಒಂದು ಪುಟ್ಟ ಟ್ರ್ಯಾಕಲ್ಲಿ ಡಾಲಿ ಅವ್ರೇ ಬಂದು ಮಾತಾಡಿ ದಾರಿ ಮಾಡಿಕೊಟ್ಟಿದಾರೆ, ಆಮೇಲೆ ಹಾಡನ್ನ ಮೆಚ್ಕೊಂಡು ಬರೆದೂ ಬರೆದ್ರು.

ಆದ್ರೂ ಯಾವ್ದು ದೊಡ್ಡ ಹಾಡು ಅಂದ್ರೆ ನಾನು ಡಾಲಿ ಕಡೆಗೇ. ಬಿಯೋನ್ಸೆ ವರ್ಷನ್ ಮುಗಿದಾಗ ಎಲ್ಲಾ ಮುಗಿದಿರತ್ತೆ, ಗಂಡ ಎಲ್ಲೂ ಹೋಗಲ್ಲ, ಜೋಲೀನ್ ವಾಪಸ್ ಹೋಗ್ತಾಳೆ. ಡಾಲಿದು ಮುಗಿದಾಗ ಏನೂ ಮುಗಿದಿರಲ್ಲ.

ಈ ಮುಗಿಯದೇ ಇರೋ ಗುಣ ನೋಡಿ, ಅದಕ್ಕೇ ಬೇರೆಯೋರು ಮುಂದಿನ ಕತೆ ಬರಿತಾನೇ ಇದಾರೆ. ಕ್ಯಾಮ್ ಅನ್ನೋ ಹಾಡುಗಾರ್ತಿ 2017ರಲ್ಲಿ ‘ಡಯಾನ್’ ಅಂತ ಹಾಡಿದ್ರು, ಅಲ್ಲಿ ಮಾತಾಡೋದು ಆ ಇನ್ನೊಬ್ಬಳೇ, ಅವ್ನಿಗೆ ಮದುವೆ ಆಗಿದೆ ಅಂತ ನಂಗೆ ಗೊತ್ತಿರ್ಲಿಲ್ಲ ಕಣೇ ಅಂತ ಹೆಂಡತಿ ಹತ್ರ ಕ್ಷಮೆ ಕೇಳ್ತಾಳೆ. ಐಡಿಯಾ ಅದ್ಭುತ, ಹಾಡೂ ಚೆನ್ನಾಗಿದೆ, ಹಾರ್ಮನಿ ಸೇರಿದಾಗ ಮೇಲೆದ್ದು ಹೋಗತ್ತೆ. ಮಿಸಿಸಿಪ್ಪಿಯ ಚಾಪೆಲ್ ಹಾರ್ಟ್ ಅನ್ನೋ ಮೂರು ಜನ ಹೆಣ್ಮಕ್ಳ ಗುಂಪು ಇದೆ, ಅಕ್ಕ ತಂಗಿ ಮತ್ತೆ ಅವ್ರ ಕಸಿನ್, 2022ರಲ್ಲಿ ‘ಅಮೆರಿಕಾಸ್ ಗಾಟ್ ಟ್ಯಾಲೆಂಟ್’ ಶೋನಲ್ಲಿ ಅವ್ನನ್ನ ನೀನೇ ಇಟ್ಕೋ ಜೋಲೀನ್, ನಂಗೆ ಬೇಡ ಅಂತ ಹಾಡಿ ಜಡ್ಜುಗಳಿಂದ ಗೋಲ್ಡನ್ ಬಝರ್ (ಸೀದಾ ಮುಂದಿನ ಹಂತಕ್ಕೆ ಕಳ್ಸೋ ಗುಂಡಿ) ಹೊಡ್ಸಿದ್ರು. ಇದು ನಂಗೆ ಬಹಳ ಖುಷಿ ಕೊಟ್ಟ ಉತ್ತರ, ಯಾಕಂದ್ರೆ ಅಷ್ಟೂ ಹಾಡುಗಳಲ್ಲಿ ಯಾರೂ ಆ ಗಂಡಸಿನ ಬೆಲೆ ಎಷ್ಟು ಅಂತ ಕೇಳೇ ಇರ್ಲಿಲ್ಲ.

2019ರ ‘ಡಾಲಿ ಪಾರ್ಟನ್ಸ್ ಅಮೆರಿಕ’ ಪಾಡ್‌ಕಾಸ್ಟಲ್ಲಿ ಇನ್ನೊಂದು ಓದು ಬಂತು. ಕಂಟ್ರಿ ಮ್ಯೂಸಿಕ್ ಬಗ್ಗೆ ಅಧ್ಯಯನ ಮಾಡೋ ನಾಡಿನ್ ಹಬ್ಸ್ ಅನ್ನೋ ಪ್ರೊಫೆಸರ್ ಕೇಳೋದು ಏನಂದ್ರೆ, ಇಡೀ ಹಾಡಲ್ಲಿ ಗಂಡಸಿನ ವರ್ಣನೆ ಒಂದೂ ಇಲ್ಲ, ಕಣ್ಣು ಕೂದಲು ದನಿ ಎಲ್ಲಾ ಜೋಲೀನ್‌ದೇ, ಹಾಗಾದ್ರೆ ಹಾಡೋಳಿಗೆ ಮನಸ್ಸು ಇರೋದು ಯಾರ ಮೇಲೆ? ಅದನ್ನ ಇಟ್ಕೊಂಡು ಇನ್ನೊಂದು ಚರಣನೂ ಬರೆದಿದಾರೆ. ಒಪ್ಪೋದು ಬಿಡೋದು ನಿಮಗೆ ಬಿಟ್ಟಿದ್ದು, ಆದ್ರೆ ಇದನ್ನ ಕೇಳಿದ ಮೇಲೆ ಹಾಡು ಮತ್ತೆ ಹಾಕಿ ನೋಡಿ, ಆ ಓದು ಸುಮ್ನೆ ಹುಟ್ಕೊಂಡಿದ್ದಲ್ಲ ಅಂತ ಗೊತ್ತಾಗತ್ತೆ, ಸಾಹಿತ್ಯದಲ್ಲೇ ಅದಕ್ಕೆ ಜಾಗ ಇದೆ. ನಂಗಂತೂ ಆಮೇಲೆ ಹಾಡಿನ ಮೇಲೆ ಪ್ರೀತಿ ಜಾಸ್ತಿನೇ ಆಯ್ತು.

ಹಾಡು ಜನರ ಜೀವನದೊಳಗೆ ಎಷ್ಟು ಇಳಿದಿದೆ ಅಂತ ಹೇಳೋಕೆ ಎರಡು ಸಂದರ್ಭ ಸಾಕು. 2020ರಲ್ಲಿ ಡಾಲಿ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ಮೆಡಿಕಲ್ ಸೆಂಟರಿಗೆ ಕೋವಿಡ್ ಸಂಶೋಧನೆಗೆ 10 ಲಕ್ಷ ಡಾಲರ್ ಕೊಟ್ರು, ಮಾಡರ್ನಾ ಲಸಿಕೆ ಕೆಲ್ಸಕ್ಕೂ ಅದ್ರಲ್ಲಿ ಪಾಲು ಹೋಯ್ತು. 2021ರ ಮಾರ್ಚಲ್ಲಿ ಅದೇ ಲಸಿಕೆ ಹಾಕಿಸ್ಕೊಳ್ಳೋವಾಗ ‘ಜೋಲೀನ್’ ಅನ್ನೋ ಜಾಗದಲ್ಲಿ ‘ವ್ಯಾಕ್ಸೀನ್’ ಅಂತ ಹಾಕಿ ಅದೇ ಟ್ಯೂನಲ್ಲಿ ಹಾಡಿದ್ರು, ಹೆದರ್ದೇ ಹಾಕಿಸ್ಕೊಳ್ಳಿ ಅಂತ ಜನರನ್ನ ಬೇಡ್ಕೊಂಡ್ರು. ಆ ಟ್ಯೂನ್ ಎಲ್ಲರಿಗೂ ಗೊತ್ತಿತ್ತು, ಅದಕ್ಕೇ ಮಾತು ಅಷ್ಟು ದೂರ ಮುಟ್ತು. ಇನ್ನೊಂದು, 2022ರಲ್ಲಿ ಡಾಲಿನ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮಿಗೆ ಸೇರಿಸಿದಾಗ ಎಲ್ಲರೂ ಒಟ್ಟಿಗೆ ಹಾಡಿದ್ದು ಇದೇ ಹಾಡು, ಪಿಂಕ್, ಆನಿ ಲೆನಾಕ್ಸ್, ಬ್ರ್ಯಾಂಡಿ ಕಾರ್ಲೈಲ್ ಸಾಲಲ್ಲಿ ಜೂಡಸ್ ಪ್ರೀಸ್ಟ್ ಬ್ಯಾಂಡಿನ ರಾಬ್ ಹಾಲ್ಫರ್ಡ್ ನಿಂತು ಜೋಲೀನ್ ಅಂತ ಕರೀತಿದಾರೆ. ಹೆವಿ ಮೆಟಲ್ ದೇವ್ರು ಅಂತ ಕರೆಸ್ಕೊಳ್ಳೋ ಮನುಷ್ಯ! ವಿಡಿಯೋ ಸಿಕ್ರೆ ಬಿಡ್ಬೇಡಿ.

ಕೊರತೆ ಏನಾದ್ರೂ ಇದ್ಯಾ ಅಂತ ಕೇಳಿದ್ರೆ, ಇಬ್ಬರು ಹೆಂಗಸ್ರು ಒಬ್ಬ ಗಂಡಸಿಗಾಗಿ ಇಷ್ಟು ಸಂಕಟ ಪಡೋದು, ಅವ್ನು ಮಾತ್ರ ಯಾವ ಜವಾಬ್ದಾರಿನೂ ಇಲ್ದೇ ನಿದ್ದೆ ಹೊಡಿತಿರೋದು ಕೆಲವರಿಗೆ ಕಿರಿಕಿರಿ ಆಗ್ಬೋದು, ಆ ಆಕ್ಷೇಪ ನ್ಯಾಯವಾದ್ದೇ. ನಾನು ಅದನ್ನ ಹಾಡಿನ ದೋಷ ಅನ್ನಲ್ಲ, ಹಾಗೆ ಬೇಡ್ಕೊಳ್ಳೋ ಸ್ಥಿತಿಗೆ ಬಂದೋರು ಎಷ್ಟೋ ಜನ ಇದಾರೆ, ಅವ್ರ ಮಾತನ್ನ ಕೀಳು ಮಾಡ್ದೇ ಹಾಡಿದ್ದು ದೊಡ್ಡ ಕೆಲ್ಸ. ನಿಜವಾದ ದೂರು ಲೈವ್ ವರ್ಷನ್‌ಗಳ ಬಗ್ಗೆ. ವರ್ಷ ಕಳೆದ ಹಾಗೆ ಸ್ಟೇಜ್ ಮೇಲೆ ಸ್ಪೀಡ್ ಏರಿದೆ, ಡ್ರಮ್ಸ್ ಜಾಸ್ತಿ ಆಗಿದೆ, ಜನ ಚಪ್ಪಾಳೆ ತಟ್ಕೊಂಡು ಕುಣಿಯೋ ಹಾಡಾಗಿದೆ. 2014ರಲ್ಲಿ ಬ್ರಿಟನ್‌ನ ಗ್ಲಾಸ್ಟನ್‌ಬರಿ ಫೆಸ್ಟಿವಲಲ್ಲಿ ಅಷ್ಟು ದೊಡ್ಡ ಜನಸಾಗರ ಒಟ್ಟಿಗೆ ಹಾಡೋದು ನೋಡೋಕೆ ಹಬ್ಬ, ಆದ್ರೆ ಆ ಹೆಂಗಸಿನ ಭಯ ಅಲ್ಲಿ ಸಿಗಲ್ಲ. ಮೊದಲ ಸಲ ಕೇಳೋರು ಲೈವಿಂದ ಶುರು ಮಾಡ್ಬೇಡಿ.

ಸಿಂಗಲ್ ಮಾತ್ರ ಕೇಳಿ ನಿಲ್ಲಿಸ್ಬೇಡಿ, 1974ರಲ್ಲಿ ಬಂದ ಇದೇ ಹೆಸ್ರಿನ ಆಲ್ಬಂ ಹಾಕಿ, ಹತ್ತೇ ಹಾಡು, ಅದ್ರಲ್ಲೇ ‘ಐ ವಿಲ್ ಆಲ್ವೇಸ್ ಲವ್ ಯೂ’ನ ಮೂಲ ಇದೆ, 1992ರಲ್ಲಿ ವಿಟ್ನಿ ಹೂಸ್ಟನ್ ಹಾಡಿ ಜಗತ್ತೆಲ್ಲಾ ತಿರುಗಿದ ಆ ಹಾಡೇ. ಏಳು ವರ್ಷ ಕಂಟ್ರಿ ಹಾಡುಗಾರ ಪೋರ್ಟರ್ ವ್ಯಾಗನರ್ ಅವ್ರ ಟಿವಿ ಶೋನಲ್ಲಿ ಜೊತೆಗೆ ಹಾಡಿ, ಅಲ್ಲಿಂದ ಹೊರಗೆ ಬರೋಕೆ ಅವ್ರಿಗೆ ವಿದಾಯ ಹೇಳಿ ಡಾಲಿ ಬರೆದದ್ದು ಅದು, ‘ಜೋಲೀನ್’ ಜೊತೆ ಒಂದೇ ದಿನ ಬರೆದಿರ್ಬೋದು ಅಂತ ಅವ್ರೇ ಹೇಳಿದಾರೆ. ಬಿಟ್ಟು ಹೋಗ್ಬೇಡ ಅಂತ ಬೇಡೋ ಹಾಡು ಒಂದು, ನಾನೇ ಬಿಟ್ಟು ಹೋಗ್ತೀನಿ, ಚೆನ್ನಾಗಿರು ಅಂತ ಹರಸೋ ಹಾಡು ಇನ್ನೊಂದು, ಎರಡೂ ಒಂದೇ ಆಲ್ಬಂನಲ್ಲಿ. ಪ್ಲೇಲಿಸ್ಟ್ ಮಾಡೋರಾದ್ರೆ ಮೊದ್ಲು ‘ಫಿಸ್ಟ್ ಸಿಟಿ’, ಆಮೇಲೆ ಡಾಲಿಯ ಇವೆರಡು, ಆಮೇಲೆ ಜ್ಯಾಕ್ ವೈಟ್, ಬಿಯೋನ್ಸೆ, ಕೊನೆಗೆ ಚಾಪೆಲ್ ಹಾರ್ಟ್ ಹಾಕಿ, ಅರ್ಧ ಗಂಟೆ ಒಳಗೆ ಮುಗಿಯತ್ತೆ.